ಆಕ್ಸಲ್ ಬೂಟಿಗೆ ಹೊಸ ಕ್ಲಾಂಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ತಗಡಿನ ಪಟ್ಟಿಗೆ ಇಷ್ಟೊಂದು ಯೋಚನೆ ಯಾಕೆ?

ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ (ಆಕ್ಸಲ್ ಎನ್ನುವುದೂ ಇದನ್ನೇ) ಎರಡೂ ತುದಿಯ ಜಾಯಿಂಟುಗಳು ಜೀವ ಹಿಡಿದಿರುವುದು ಬೂಟ್ ಎಂಬ ಮಡಿಕೆ ಮಡಿಕೆಯ ಮುಸುಕಿನೊಳಗಿನ ಗ್ರೀಸಿನಿಂದ. ಆ ಗ್ರೀಸನ್ನು ಒಳಗೆ, ನೀರು ಮಣ್ಣನ್ನು ಹೊರಗೆ ಇಡುವ ಕೆಲಸ ಬೂಟಿನದು ಎನ್ನುತ್ತೇವೆ. ಆದರೆ ಬೂಟಿನ ಎರಡು ಬಾಯಿಗಳನ್ನು (ಶಾಫ್ಟಿನ ಮೇಲೆ ಕೂರುವುದು ಚಿಕ್ಕದು, ಜಾಯಿಂಟಿನ ಮೇಲೆ ಕೂರುವುದು ದೊಡ್ಡದು) ಬಿಗಿದು ಮುಚ್ಚುವುದು ಕ್ಲಾಂಪ್ ಎಂಬ ಪಟ್ಟಿ. ಬೂಟ್ ಎಷ್ಟೇ ಒಳ್ಳೆಯದಾಗಿರಲಿ, ಬಾಯಿ ಸಡಿಲವಾದರೆ ಗ್ರೀಸ್ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕೆಸರು ರಸ್ತೆಯಲ್ಲಿ ಓಡುವ ಗಾಡಿಯಾದರೆ ಅದೇ ಸಂದಿನಿಂದ ಕೆಂಪು ಮಣ್ಣಿನ ನೀರು ಒಳಗೆ ಹೋಗುತ್ತದೆ, ಗ್ರೀಸಿನ ಜೊತೆ ಕಲೆತು ಮರಳು ಕಾಗದದಂತೆ ಜಾಯಿಂಟನ್ನು ತಿನ್ನುತ್ತದೆ. ಕ್ಲಾಂಪಿನ ಬೆಲೆಗೂ ಹೊಸ ಡ್ರೈವ್ ಶಾಫ್ಟಿನ ಬೆಲೆಗೂ ಇರುವ ಅಂತರವನ್ನು ಬಿಡಿಭಾಗದ ಯಾವ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ.

ನನ್ನ ಗಾಡಿಯಲ್ಲಿ ಈ ಬೂಟ್ ಇದೆಯೇ?

ಎಂಜಿನ್ ಮುಂದಿನ ಚಕ್ರಗಳನ್ನು ಓಡಿಸುವ ಎಲ್ಲ ಕಾರುಗಳಲ್ಲೂ ಇದೆ: ಮಾರುತಿ 800, ಆಲ್ಟೊ, ಸ್ವಿಫ್ಟ್, ಸ್ಯಾಂಟ್ರೊ, ಐ10, ಇಂಡಿಕಾ. ಒಂದೊಂದು ಶಾಫ್ಟಿಗೆ ಎರಡು ಬೂಟ್, ಒಂದೊಂದು ಬೂಟಿಗೆ ಎರಡು ಕ್ಲಾಂಪ್. ಗಾಡಿಗೆ ಒಟ್ಟು ಎಂಟು ಕ್ಲಾಂಪ್. ಅಂಬಾಸಿಡರ್, ಓಮ್ನಿಯಂಥ ಗಾಡಿಗಳಲ್ಲಿ ಹಿಂದೆ ಗಟ್ಟಿ ಆಕ್ಸಲ್ ಇರುವುದರಿಂದ ಈ ಬೂಟೇ ಇಲ್ಲ.

ಚಕ್ರದ ಒಳಗೋಡೆಗೆಲ್ಲ ಗ್ರೀಸ್ ಚಿಮ್ಮಿದೆ. ಬೂಟ್ ಹರಿದಿದೆಯೋ, ಕ್ಲಾಂಪ್ ಸಡಿಲವೋ?

ಗ್ರೀಸ್ ಬಿದ್ದ ಜಾಗವೇ ಹೇಳುತ್ತದೆ. ಬೂಟಿನ ಮಡಿಕೆಗಳ ನೇರಕ್ಕೆ, ಅಗಲವಾಗಿ ಚಿಮ್ಮಿದ್ದರೆ ಬೂಟ್ ಸೀಳಿದೆ. ಮಡಿಕೆಯ ತಗ್ಗಿನೊಳಗೆ ಬೆರಳಿಟ್ಟು ಬಿಡಿಸಿ ನೋಡಿ, ಸೀಳು ಸಾಮಾನ್ಯವಾಗಿ ತಗ್ಗಿನಲ್ಲೇ ಅಡಗಿರುತ್ತದೆ. ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿಟ್ಟರೆ ಚಕ್ರದ ಕಡೆಯ, ಅಂದರೆ ಹೊರಗಿನ ಬೂಟಿನ ಮಡಿಕೆಗಳು ತಾವಾಗಿ ತೆರೆದುಕೊಳ್ಳುತ್ತವೆ.

ಮಡಿಕೆಗಳೆಲ್ಲ ಒಣಗಿದ್ದು, ಚಿಕ್ಕ ಬಾಯಿಯ ಪಕ್ಕ ಶಾಫ್ಟಿನ ಮೇಲೆ ಕಪ್ಪು ಉಂಗುರದಂತೆ ಗ್ರೀಸ್ ಕೂತಿದ್ದರೆ ಚಿಕ್ಕ ಕ್ಲಾಂಪ್ ಹಿಡಿಯುತ್ತಿಲ್ಲ. ದೊಡ್ಡ ಬಾಯಿಯ ಅಂಚಿನಿಂದ ತೆಳುವಾದ ಗೆರೆಯಂತೆ ಚಿಮ್ಮಿದ್ದರೆ ದೊಡ್ಡ ಕ್ಲಾಂಪ್. ಅನುಮಾನ ಉಳಿದರೆ ಬೂಟಿನ ಬಾಯಿಯನ್ನು ಕೈಯಲ್ಲಿ ಹಿಡಿದು ಶಾಫ್ಟಿನ ಸುತ್ತ ತಿರುಚಿ. ಸರಿಯಾಗಿ ಹಿಡಿದ ಬಾಯಿ ಜಾರುವುದಿಲ್ಲ.

ಬೂಟ್ ಚೆನ್ನಾಗಿದೆ. ಬರೀ ಕ್ಲಾಂಪ್ ಬದಲಿಸಿದರೆ ಸಾಕೇ?

ಒಳಗಿನ ಗ್ರೀಸ್ ನೋಡಿ ತೀರ್ಮಾನಿಸಿ. ಸ್ವಲ್ಪ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ. ಬೆಣ್ಣೆಯಂತೆ ನುಣ್ಣಗಿದ್ದರೆ ಕ್ಲಾಂಪ್ ಸಾಕು, ಹೊರಗೆ ಹೋದಷ್ಟು ಗ್ರೀಸ್ ಅದೇ ಬಗೆಯದನ್ನು ತುಂಬಬೇಕು. ಬೆರಳಿಗೆ ಮರಳು ಸಿಕ್ಕರೆ, ಅಥವಾ ನೀರು ಸೇರಿ ಬೂದು ಬಣ್ಣಕ್ಕೆ ತಿರುಗಿದ್ದರೆ, ಜಾಯಿಂಟ್ ಬಿಚ್ಚಿ ತೊಳೆದು ಹೊಸ ಗ್ರೀಸ್ ಹಾಕಲೇಬೇಕು. ಆಗ ಹೇಗೂ ಶಾಫ್ಟ್ ಹೊರಗೆ ಬಂದಿರುವುದರಿಂದ ಬೂಟನ್ನೂ ಬದಲಿಸುವುದೇ ಲೇಸು. ಪೂರ್ತಿ ತಿರುವಿನಲ್ಲಿ ಚಕ್ರದ ಕಡೆಯಿಂದ ಟಕ್ ಟಕ್ ಸದ್ದು ಈಗಾಗಲೇ ಬರುತ್ತಿದ್ದರೆ ಜಾಯಿಂಟ್ ಸವೆದಿದೆ ಎಂದೇ ಅರ್ಥ; ಕ್ಲಾಂಪಾಗಲಿ ಗ್ರೀಸಾಗಲಿ ಆ ಸವೆತವನ್ನು ಸರಿಪಡಿಸುವುದಿಲ್ಲ.

ಕ್ಲಾಂಪುಗಳಲ್ಲಿ ಎಷ್ಟು ಬಗೆ? ಯಾವುದು ಯಾವುದಕ್ಕೆ?

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು. ಆಯ್ಕೆಯ ಮೊದಲ ಪ್ರಶ್ನೆ ಎಂದರೆ ಶಾಫ್ಟ್ ಬಿಚ್ಚುತ್ತೀರೋ ಇಲ್ಲವೋ ಎಂಬುದು.

ಮುಚ್ಚಿದ ಉಂಗುರದ ಕಿವಿ ಕ್ಲಾಂಪ್: ಉಂಗುರದ ಮೇಲೆ ಒಂದು ಕಡೆ ಕಿವಿಯಂಥ ಉಬ್ಬು, ಇಕ್ಕಳದಲ್ಲಿ ಅದನ್ನು ಒತ್ತಿದರೆ ಉಂಗುರ ಬಿಗಿಯುತ್ತದೆ. ಒಳ್ಳೆಯವುಗಳಲ್ಲಿ ಕಿವಿಯ ಕೆಳಗೆ ತೆಳು ನಾಲಿಗೆ ಇದ್ದು ಸುತ್ತಲೂ ಒಂದೇ ಸಮನೆ ಒತ್ತಡ ಬೀಳುತ್ತದೆ. ನಾಲಿಗೆ ಇಲ್ಲದಿದ್ದರೆ ಕಿವಿಯ ಕೆಳಗಿನ ಸಂದಿನಿಂದಲೇ ಗ್ರೀಸ್ ಜಿನುಗುತ್ತದೆ. ಹಿಡಿತದಲ್ಲಿ ಇದು ಬಹಳ ಗಟ್ಟಿ. ಆದರೆ ಶಾಫ್ಟ್ ಹೊರಗಿದ್ದು ಜಾಯಿಂಟ್ ಬಿಚ್ಚಿದ್ದಾಗ ಮಾತ್ರ ತೂರಿಸಬಹುದು.

ತೆರೆದ ಪಟ್ಟಿಯ ಕಿವಿ ಕ್ಲಾಂಪ್: ಪಟ್ಟಿಯಲ್ಲಿ ಸಾಲಾಗಿ ತೂತುಗಳು, ಇನ್ನೊಂದು ತುದಿಯಲ್ಲಿ ಕೊಕ್ಕೆ. ಸುತ್ತಿ, ಹೊಂದುವ ತೂತಿಗೆ ಕೊಕ್ಕೆ ಸಿಕ್ಕಿಸಿ, ಆಮೇಲೆ ಕಿವಿ ಒತ್ತುವುದು. ಶಾಫ್ಟ್ ಗಾಡಿಯಲ್ಲೇ ಇರುವಾಗ ಕ್ಲಾಂಪ್ ಮಾತ್ರ ಬದಲಿಸಬೇಕಾದರೆ ಇದೇ ಉಪಾಯ. ಮಾರುಕಟ್ಟೆಯ ಬಹುತೇಕ ಬೂಟ್ ಕಿಟ್‌ಗಳಲ್ಲಿ ಬರುವುದೂ ಇದೇ.

ಕಿವಿ ಇಲ್ಲದ ತಗ್ಗು ಕ್ಲಾಂಪ್: ಎರಡು ಕೊಕ್ಕೆಗಳನ್ನು ವಿಶೇಷ ಇಕ್ಕಳದಿಂದ ಎಳೆದು ಒಂದರ ಮೇಲೊಂದು ಕೂರಿಸುವುದು. ಮೇಲಕ್ಕೆ ಚಾಚಿಕೊಳ್ಳುವ ಭಾಗ ಇಲ್ಲದ್ದರಿಂದ ನಕಲ್ಲಿಗೆ (ಚಕ್ರವನ್ನು ಹಿಡಿದಿರುವ ಗಟ್ಟಿ ಲೋಹದ ಭಾಗ), ಎಬಿಎಸ್ ಸೆನ್ಸರಿಗೆ (ಬ್ರೇಕ್ ವ್ಯವಸ್ಥೆಗೆ ಚಕ್ರದ ವೇಗ ತಿಳಿಸುವ ಸಾಧನ) ಹತ್ತಿರ ಇರುವ ಜಾಗಕ್ಕೆ ಸರಿ. ಇದರ ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಹೊಂದಿಸಿಕೊಳ್ಳಲು ಅವಕಾಶ ತೀರಾ ಕಡಿಮೆ. ಹಾಗಾಗಿ ಮೂಲ ಅಳತೆಯದನ್ನೇ ತರಬೇಕು.

ಮಡಚುವ ಪಟ್ಟಿ: ಉದ್ದನೆಯ ಪಟ್ಟಿಯನ್ನು ಬಕಲ್ಲಿನೊಳಗೆ ತೂರಿಸಿ, ಎಳೆದು, ಹಿಂದಕ್ಕೆ ಮಡಚಿ, ಬಕಲ್ಲಿನ ಕಿವಿಗಳನ್ನು ಅದರ ಮೇಲೆ ಬಡಿದು ಕೂರಿಸುವುದು. ಹಳೆಯ ಸುಜುಕಿ ವಿನ್ಯಾಸದ ಗಾಡಿಗಳಲ್ಲಿ ಸಾಮಾನ್ಯ. ಯಾವ ಅಳತೆಗೂ ಹೊಂದುತ್ತದೆ, ಆದರೆ ಎಳೆತದ ಬಿಗಿ ಪೂರ್ತಿ ಕೈಯ ಮೇಲೆ ನಿಂತಿದೆ. ಕೈಯಲ್ಲಿ ಎಳೆದು ಮಡಚಿದರೆ ಸಾಲದು, ಪಟ್ಟಿ ಎಳೆಯುವ ಉಪಕರಣ ಬೇಕು.

ರಬ್ಬರ್ ಬೂಟಿಗೂ ಪ್ಲಾಸ್ಟಿಕ್‌ನಂಥ ಗಟ್ಟಿ ಬೂಟಿಗೂ ಒಂದೇ ಕ್ಲಾಂಪ್ ಆಗುತ್ತದೆಯೇ?

ಆಗುವುದಿಲ್ಲ. ಹೊಸ ಕ್ಲಾಂಪ್ ಹಾಕಿ ತಿಂಗಳೊಳಗೆ ಮತ್ತೆ ಗ್ರೀಸ್ ಸೋರುವುದಕ್ಕೆ ದೊಡ್ಡ ಕಾರಣ ಇಲ್ಲಿದೆ.

ಬೂಟುಗಳು ಮುಖ್ಯವಾಗಿ ಎರಡು ವಸ್ತುವಿನಲ್ಲಿ ಬರುತ್ತವೆ. ಒಂದು ನಿಯೋಪ್ರೀನ್ ರಬ್ಬರ್. ಇನ್ನೊಂದು ಥರ್ಮೋಪ್ಲಾಸ್ಟಿಕ್, ಅಂಗಡಿಯವರ ಬಾಯಲ್ಲಿ ಟಿಪಿಇ. ಉಗುರಿನಿಂದ ಒತ್ತಿ ನೋಡಿ: ರಬ್ಬರಾದರೆ ಉಗುರು ಇಳಿಯುತ್ತದೆ, ಮೈ ಮಂಕಾಗಿರುತ್ತದೆ. ಟಿಪಿಇ ಆದರೆ ಉಗುರು ಜಾರುತ್ತದೆ, ಮೈ ಸ್ವಲ್ಪ ಹೊಳೆಯುತ್ತದೆ, ಬೆರಳಲ್ಲಿ ತಟ್ಟಿದರೆ ಪ್ಲಾಸ್ಟಿಕ್ ಡಬ್ಬಿಯ ಸದ್ದು ಬರುತ್ತದೆ.

ರಬ್ಬರ್ ಮೆತ್ತಗಿರುವುದರಿಂದ ಸಾಧಾರಣ ಬಿಗಿಗೇ ಶಾಫ್ಟಿನ ಮೈಗೆ ಅಂಟಿಕೊಳ್ಳುತ್ತದೆ. ಮಿತಿಮೀರಿ ಬಿಗಿದರೆ ಪಟ್ಟಿ ಅದನ್ನು ಕತ್ತರಿಸುತ್ತದೆ; ಕ್ಲಾಂಪಿನ ಎರಡೂ ಬದಿ ರಬ್ಬರ್ ಉಬ್ಬಿ ಬಂದಿದ್ದರೆ ಹೆಚ್ಚಾಗಿದೆ ಎಂದು ತಿಳಿಯಿರಿ. ಟಿಪಿಇ ಇದಕ್ಕೆ ತದ್ವಿರುದ್ಧ. ಅದು ಗಟ್ಟಿ, ಕಡಿಮೆ ಬಿಗಿಗೆ ಬಗ್ಗುವುದೇ ಇಲ್ಲ. ಮೇಲುನೋಟಕ್ಕೆ ಕೂತಂತೆ ಕಂಡರೂ ಕೆಳಗೆ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಟಿಪಿಇ ಬೂಟಿಗೆ ದಪ್ಪ ಪಟ್ಟಿಯ ಸ್ಟೇನ್‌ಲೆಸ್ ಕಿವಿ ಕ್ಲಾಂಪ್ ಅಥವಾ ತಗ್ಗು ಕ್ಲಾಂಪ್ ಮಾತ್ರ. ಕೈಯಲ್ಲಿ ಬಾಗುವ ತೆಳು ತಗಡಿನ ಪಟ್ಟಿ ಅದಕ್ಕೆ ಖಂಡಿತ ಬೇಡ.

ಅಳತೆ ತೆಗೆಯುವುದು ಹೇಗೆ?

ಬೂಟನ್ನು ಅದರ ಜಾಗದಲ್ಲಿ ಕೂರಿಸಿದ ಮೇಲೆ, ಕ್ಲಾಂಪ್ ಕೂರುವ ಗ್ರೂವಿನ (ತೋಡಿನ) ಹೊರ ಅಳತೆ ತೆಗೆಯಬೇಕು. ಬರೀ ಶಾಫ್ಟಿನ ಅಳತೆಯಾಗಲಿ, ಕೈಯಲ್ಲಿ ಹಿಡಿದ ಖಾಲಿ ಬೂಟಿನ ಅಳತೆಯಾಗಲಿ ತಪ್ಪು ದಾರಿ ಹಿಡಿಸುತ್ತದೆ. ವ್ಯಾಸ ಅಳೆಯುವ ವರ್ನಿಯರ್ ಇದ್ದರೆ ಸರಿ. ಇಲ್ಲದಿದ್ದರೆ ಗ್ರೂವಿನ ಸುತ್ತ ಕಾಗದದ ಪಟ್ಟಿ ಸುತ್ತಿ, ಕೂಡುವಲ್ಲಿ ಗುರುತು ಹಾಕಿ, ಬಿಡಿಸಿ ಅಳೆದು 3.14ರಿಂದ ಭಾಗಿಸಿ. ಸುತ್ತಳತೆ 264 ಮಿ.ಮೀ. ಬಂದರೆ ವ್ಯಾಸ ಸುಮಾರು 84 ಮಿ.ಮೀ.

ಕಿವಿ ಕ್ಲಾಂಪಿನಲ್ಲಿ ಇನ್ನೊಂದು ಲೆಕ್ಕವಿದೆ, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಕಿವಿ ಪೂರ್ತಿ ಮುಚ್ಚಿದರೆ ಸುತ್ತಳತೆ ಹೆಚ್ಚೆಂದರೆ ಕಿವಿಯ ಒಳ ಅಗಲದಷ್ಟು ಕುಗ್ಗುತ್ತದೆ. ಕಿವಿಯ ಒಳ ಅಗಲ 10 ಮಿ.ಮೀ. ಆಗಿದ್ದರೆ ವ್ಯಾಸ ಕುಗ್ಗುವುದು 10 ಭಾಗಿಸು 3.14, ಅಂದರೆ ಹತ್ತಿರ ಹತ್ತಿರ 3.2 ಮಿ.ಮೀ. ಅಷ್ಟೇ.

ಈಗ ಚಿಕ್ಕ ಬಾಯಿಯ ಹೊರ ಅಳತೆ 27 ಮಿ.ಮೀ. ಎಂದಿಟ್ಟುಕೊಳ್ಳಿ. 31 ಮಿ.ಮೀ. ಉಂಗುರ ತಂದರೆ ಕಿವಿ ಪೂರ್ತಿ ಮುಚ್ಚಿದಾಗಲೂ ಅದು 27.8ಕ್ಕೆ ನಿಲ್ಲುತ್ತದೆ, ಬೂಟನ್ನು ಮುಟ್ಟುವುದೇ ಇಲ್ಲ. ನೋಡಿದವರಿಗೆ ಕಿವಿ ಚೆನ್ನಾಗಿ ಒತ್ತಿದಂತೆ ಕಾಣುತ್ತದೆ! 28.5 ಮಿ.ಮೀ. ಉಂಗುರವಾದರೆ 1.5 ಮಿ.ಮೀ. ಬೂಟನ್ನು ಮುಟ್ಟಲು ಖರ್ಚಾಗಿ, ಉಳಿದ 1.7 ಮಿ.ಮೀ. ಒತ್ತಡ ಕೊಡಲು ಸಿಗುತ್ತದೆ. ಸುಲಭವಾಗಿ ತೂರುವಷ್ಟು ಸಡಿಲ, ಅದಕ್ಕಿಂತ ಹೆಚ್ಚಲ್ಲ, ಎಂಬುದೇ ಅಳತೆ. ತೂತುಗಳ ಪಟ್ಟಿಯಲ್ಲೂ ಹಾಗೆಯೇ: ಕೈಯಿಂದ ಬಿಗಿಯಾಗಿ ಎಳೆದಾಗ ಕೊಕ್ಕೆ ಮುಟ್ಟುವ ಕೊನೆಯ ತೂತನ್ನೇ ಹಿಡಿಯಬೇಕು. ಒಂದು ತೂತು ಹಿಂದೆ ಬಿಟ್ಟರೆ ಕಿವಿಯ ಕುಗ್ಗುವಿಕೆಯೆಲ್ಲ ಆ ಸಡಿಲವನ್ನು ತುಂಬುವುದರಲ್ಲೇ ಮುಗಿಯುತ್ತದೆ.

ಪಟ್ಟಿಯ ಅಗಲ ಎಷ್ಟಿರಬೇಕು?

ಬೂಟಿನ ಗ್ರೂವಿನೊಳಗೆ ಪೂರ್ತಿ ಕೂತು, ಎರಡೂ ಕಡೆ ಕೊಂಚ ಜಾಗ ಉಳಿಯಬೇಕು. ಗ್ರೂವಿಗಿಂತ ಅಗಲವಾದರೆ ಪಟ್ಟಿ ಅಂಚುಗಳ ಮೇಲೆ ಸೇತುವೆಯಂತೆ ನಿಂತು ನಡುವೆ ಒತ್ತುವುದಿಲ್ಲ. ತೀರ ಕಿರಿದಾದರೆ ಒತ್ತಡವೆಲ್ಲ ಒಂದು ಗೆರೆಯ ಮೇಲೆ ಬಿದ್ದು ರಬ್ಬರ್ ಕತ್ತರಿಸುತ್ತದೆ. ಹಳೆಯ ಕ್ಲಾಂಪಿನ ಅಗಲವೇ ಇದಕ್ಕೆ ಒಳ್ಳೆಯ ಆಧಾರ, ಅದನ್ನು ಎಸೆಯದೆ ಅಂಗಡಿಗೆ ಕೊಂಡೊಯ್ಯಿರಿ.

ನೀರಿನ ಪೈಪಿನ ಸ್ಕ್ರೂ ಕ್ಲಿಪ್ ಹಾಕಬಹುದೇ? ಕೇಬಲ್ ಟೈ? ಕಟ್ಟುವ ತಂತಿ?

ಸ್ಕ್ರೂ ಕ್ಲಿಪ್ ಬೇಡ. ಅದರ ಸ್ಕ್ರೂ ಡಬ್ಬಿ ಒಂದೇ ಕಡೆ ತೂಗುತ್ತದೆ. 155/65 ಆರ್13 ಟೈರಿನ ಸುತ್ತಳತೆ ಸುಮಾರು 1.67 ಮೀಟರ್, 80 ಕಿ.ಮೀ. ವೇಗದಲ್ಲಿ ಶಾಫ್ಟ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ನಡುವಿನಿಂದ 45 ಮಿ.ಮೀ. ದೂರದಲ್ಲಿ ಕೂತ 10 ಗ್ರಾಂ ಡಬ್ಬಿ ಆಗ ತನ್ನ ತೂಕದ ಮೂವತ್ತಕ್ಕೂ ಹೆಚ್ಚು ಪಟ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ, ಬೂಟಿನ ಬಾಯಿಯನ್ನು ಒಂದೇ ಬದಿಗೆ ಜಗ್ಗುತ್ತಲೇ ಇರುತ್ತದೆ. ಡಬ್ಬಿಯ ಕೆಳಗೆ ಪಟ್ಟಿ ದುಂಡಗೆ ಕೂರುವುದಿಲ್ಲ, ಸೀಳುಗಳ ಅಂಚು ರಬ್ಬರನ್ನು ಕೊರೆಯುತ್ತದೆ, ಹೊರಗಿನ ಜಾಯಿಂಟಿನಲ್ಲಂತೂ ಡಬ್ಬಿ ನಕಲ್ಲಿಗೆ ಬಡಿಯುವ ಸಾಧ್ಯತೆಯೂ ಇದೆ.

ನೈಲಾನ್ ಕೇಬಲ್ ಟೈ ಬಿಸಿಗೆ ನಿಧಾನವಾಗಿ ಹಿಗ್ಗಿ ಬಿಗಿ ಕಳೆದುಕೊಳ್ಳುತ್ತದೆ. ಕಟ್ಟುವ ತಂತಿ ಬೂಟಿಗೆ ಚಾಕು ಇದ್ದಂತೆ. ದಾರಿಯಲ್ಲಿ ಕ್ಲಾಂಪ್ ಕಳಚಿದರೆ ಅಗಲದ ಎರಡು ಕೇಬಲ್ ಟೈ ಪಕ್ಕಪಕ್ಕ ಹಾಕಿ ನಿಧಾನವಾಗಿ ಹತ್ತಿರದ ಗ್ಯಾರೇಜ್ ಸೇರಬಹುದು, ಅಲ್ಲಿಗೆ ಅದರ ಕೆಲಸ ಮುಗಿಯಿತು.

ಸ್ಟೇನ್‌ಲೆಸ್ ಹೌದೋ ಅಲ್ಲವೋ ಹೇಗೆ ತಿಳಿಯುವುದು?

ಅಯಸ್ಕಾಂತ ಹಿಡಿಯಿರಿ. ಸಾಮಾನ್ಯ ತಗಡು ಫಟ್ಟನೆ ಅಂಟುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಅಂಟುವುದಿಲ್ಲ, ಬಗ್ಗಿಸಿದ ಜಾಗದಲ್ಲಿ ಮಾತ್ರ ಸಣ್ಣಗೆ ಸೆಳೆಯಬಹುದು. ಸಣ್ಣ ಸೆಳೆತ ಕಂಡ ಕೂಡಲೇ ಅಂಗಡಿಯವರ ಮೇಲೆ ಅನುಮಾನ ಬೇಡ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಯಲ್ಲಿ ಓಡುವ ಗಾಡಿಗೆ ಸ್ಟೇನ್‌ಲೆಸ್ ಬಿಟ್ಟು ಬೇರೆ ಯೋಚನೆಯೇ ಬೇಡ. ಸಾದಾ ತಗಡಿನ ಕ್ಲಾಂಪ್ ಅಲ್ಲಿ ಕಿವಿಯ ಬಾಗಿನಲ್ಲಿ ತುಕ್ಕು ತಿಂದು ತುಂಡಾಗುತ್ತದೆ.

ಮಾಮೂಲಿ ಕಟಿಂಗ್ ಪ್ಲೇಯರ್‌ನಲ್ಲಿ ಕಿವಿ ಒತ್ತಬಹುದೇ?

ಅದರ ಹರಿತ ಬಾಯಿ ಕಿವಿಯ ಬುಡಕ್ಕೆ ಗೀರು ಹಾಕುತ್ತದೆ, ಕಿವಿ ಆ ಗೀರಿನಿಂದಲೇ ಸೀಳುತ್ತದೆ. ಕಿವಿ ಒತ್ತುವ ಇಕ್ಕಳದ ಬಾಯಿ ಮೊಂಡಾಗಿದ್ದು ಎರಡೂ ಬುಡವನ್ನು ಸಮನಾಗಿ ಒತ್ತುತ್ತದೆ. ದಪ್ಪ ಸ್ಟೇನ್‌ಲೆಸ್ ಕ್ಲಾಂಪಿಗೆ ಕೈಬಲ ಸಾಲದೆ ಹೋಗಬಹುದು, ಸಾಕೆಟ್ ಹ್ಯಾಂಡಲ್ ಸಿಕ್ಕಿಸಿ ತಿರುಗಿಸುವ ಬಗೆಯ ಇಕ್ಕಳ ಅದಕ್ಕೇ ಇರುವುದು. ತಗ್ಗು ಕ್ಲಾಂಪಿನ ಇಕ್ಕಳ ಬೇರೆಯೇ. ಕಿವಿ ಇಕ್ಕಳದಲ್ಲಿ ಅದನ್ನು ಎಳೆಯಲು ಹೋಗಿ ಕೊಕ್ಕೆ ಬಗ್ಗಿಸಿಕೊಳ್ಳಬೇಡಿ.

ಹಾಕುವ ಕ್ರಮ ಯಾವುದು?

ಹಳೆಯ ಕ್ಲಾಂಪಿನ ಕಿವಿಯನ್ನು, ಕತ್ತರಿಸುವ ಬಾಯಿ ಬೂಟಿನಿಂದ ಆಚೆ ಇರುವಂತೆ ಹಿಡಿದು, ಕತ್ತರಿಸಿ. ಶಾಫ್ಟ್ ಬಿಚ್ಚುವ ಕೆಲಸವಾದರೆ ಅದನ್ನು ಜೋತಾಡಲು ಬಿಡಬೇಡಿ, ಗೇರ್‌ಬಾಕ್ಸ್ ಕಡೆಯ ಒಳಗಿನ ಜಾಯಿಂಟ್ ಕಳಚಿ ಇನ್ನೊಂದು ಬೂಟೂ ಹರಿಯಬಹುದು.

ಶಾಫ್ಟಿನ ಗ್ರೂವನ್ನೂ ಜಾಯಿಂಟಿನ ಅಂಚನ್ನೂ ತುಕ್ಕು, ಹಳೆ ಗ್ರೀಸ್ ಉಳಿಯದಂತೆ ಒರೆಸಿ. ಬೂಟಿನ ಬಾಯಿಯ ಒಳಮೈ ಒಣಗಿರಬೇಕು. ಇದನ್ನು ಒತ್ತಿ ಹೇಳುತ್ತೇವೆ: ಅಲ್ಲಿ ಗ್ರೀಸ್ ಸವರಿದ್ದರೆ ಎಷ್ಟೇ ಒಳ್ಳೆಯ ಕ್ಲಾಂಪ್ ಹಾಕಿದರೂ ಬಾಯಿ ಜಾರುತ್ತದೆ. ಬೂಟನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಬೇಡಿ, ರಬ್ಬರ್ ಊದಿಕೊಳ್ಳುತ್ತದೆ. ಒಣ ಬಟ್ಟೆ ಸಾಕು.

ಕಿಟ್‌ನಲ್ಲಿ ಬಂದ ಗ್ರೀಸ್ ಪೊಟ್ಟಣ ಆ ಜಾಯಿಂಟಿಗೆಂದೇ ಅಳೆದದ್ದು, ಪೂರ್ತಿ ಹಾಕಿ, ಮೇಲೆ ಇನ್ನಷ್ಟು ತುಂಬಬೇಡಿ. ಹೊರಗಿನ ಗುಂಡುಗಳ ಜಾಯಿಂಟಿಗೆ ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸ್. ಒಳಗಿನ ಮೂರು ರೋಲರ್ ಜಾಯಿಂಟಿಗೆ ಹಲವು ಗಾಡಿಗಳಲ್ಲಿ ಬೇರೆ ಗ್ರೀಸ್ ಬರುತ್ತದೆ, ಎರಡನ್ನೂ ಬೆರೆಸಬಾರದು. ಬೇರಿಂಗಿನ ಸಾದಾ ಗ್ರೀಸ್ ಎರಡಕ್ಕೂ ಆಗದು.

ಮೊದಲು ದೊಡ್ಡ ಬಾಯಿಯ ಕ್ಲಾಂಪ್. ಅದು ಬಿಗಿದ ಮೇಲೆ ಶಾಫ್ಟನ್ನು ಗಾಡಿಯಲ್ಲಿ ಇರುವಷ್ಟೇ ಉದ್ದಕ್ಕೆ ಇಟ್ಟುಕೊಳ್ಳಿ. ಒಳಗಿನ ಜಾಯಿಂಟಿಗೆ ಈ ಉದ್ದವನ್ನು ಸರ್ವಿಸ್ ಪುಸ್ತಕದಲ್ಲೇ ಕೊಟ್ಟಿರುತ್ತಾರೆ. ಆಮೇಲೆ ಚಿಕ್ಕ ಬಾಯಿಯ ಕೆಳಗೆ ತೆಳುವಾದ, ಅಂಚು ಮೊಂಡಾದ ಕಡ್ಡಿಯೊಂದನ್ನು ತೂರಿಸಿ ಗಾಳಿ ಆಡಲು ಬಿಡಿ. ಒಳಗೆ ಗಾಳಿ ಸಿಕ್ಕಿಬಿದ್ದರೆ ಬೂಟ್ ಬಲೂನಿನಂತೆ ಉಬ್ಬುತ್ತದೆ, ಗಾಳಿ ಕಡಿಮೆಯಾದರೆ ಮಡಿಕೆ ಒಳಕ್ಕೆ ಕುಸಿದು ಒಂದಕ್ಕೊಂದು ಉಜ್ಜಿ ತೂತಾಗುತ್ತದೆ. ಮಡಿಕೆಗಳು ಸಹಜವಾಗಿ ನಿಂತವೆಂದು ಕಂಡ ಮೇಲೆ ಕಡ್ಡಿ ತೆಗೆದು ಚಿಕ್ಕ ಕ್ಲಾಂಪ್ ಬಿಗಿಯಿರಿ.

ಕಿವಿಯನ್ನು ಎಷ್ಟು ಒತ್ತಬೇಕು?

ಒತ್ತಿದ ಮೇಲೆ ಕಿವಿಯ ಎರಡು ಬುಡಗಳ ನಡುವೆ ಉಳಿಯಬೇಕಾದ ಸಂದನ್ನು ಸರ್ವಿಸ್ ಪುಸ್ತಕದಲ್ಲಿ ಕೊಟ್ಟಿರುತ್ತಾರೆ, ಹೆಚ್ಚಾಗಿ 1ರಿಂದ 3 ಮಿ.ಮೀ. ಆಸುಪಾಸು. ಸಂದು ಅಳೆಯುವ ತೆಳು ತಗಡುಗಳ ಫೀಲರ್ ಗೇಜಿನಲ್ಲಿ ನೋಡಿ. ಬುಡಗಳು ಒಂದಕ್ಕೊಂದು ಅಂಟಿದರೂ ಬೂಟ್ ಕೈಗೆ ತಿರುಗುತ್ತಿದ್ದರೆ ಕ್ಲಾಂಪ್ ದೊಡ್ಡದಾಯಿತು, ಕತ್ತರಿಸಿ ಚಿಕ್ಕದನ್ನು ಹಾಕಿ. ಕಿವಿ ಅರ್ಧವೂ ಮುಚ್ಚದೆ ಇಕ್ಕಳ ನಿಂತುಬಿಟ್ಟರೆ ಕ್ಲಾಂಪ್ ಚಿಕ್ಕದು, ಅಥವಾ ಬೂಟಿನ ಬಾಯಿ ಗ್ರೂವಿನಲ್ಲಿ ಕೂತಿಲ್ಲ. ಎರಡನೆಯದೇ ಹೆಚ್ಚು ಸಲ ಆಗುವುದು.

ಮಡಚುವ ಪಟ್ಟಿಯ ಬಾಲ ಯಾವ ಕಡೆಗಿರಬೇಕು?

ಗಾಡಿ ಮುಂದೆ ಹೋಗುವಾಗ ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ. ತಿರುಗುವ ದಿಕ್ಕಿಗೇ ತುದಿ ಮುಖ ಮಾಡಿದ್ದರೆ ಕೆಸರು, ಕಲ್ಲು, ಹುಲ್ಲು ಅದಕ್ಕೆ ಸಿಕ್ಕಿ ತುದಿಯನ್ನು ಎಬ್ಬಿಸುತ್ತವೆ. ಎಡಗಡೆಯ ಶಾಫ್ಟನ್ನು ನೋಡಿ ಬಲಗಡೆಯದಕ್ಕೂ ಹಾಗೇ ಹಾಕುವವರಿದ್ದಾರೆ. ಬೆಂಚಿನ ಮೇಲೆ ಚಕ್ರದ ತುದಿಯ ಕಡೆಯಿಂದ ನೋಡಿದರೆ ಎಡ ಶಾಫ್ಟ್ ಅಪ್ರದಕ್ಷಿಣೆಯಾಗಿ, ಬಲ ಶಾಫ್ಟ್ ಪ್ರದಕ್ಷಿಣೆಯಾಗಿ ತಿರುಗುತ್ತದೆ. ಬಿಗಿಯುವ ಮೊದಲು ಸೀಮೆಸುಣ್ಣದಲ್ಲಿ ಬಾಣ ಬರೆದುಕೊಳ್ಳಿ.

ಒಳಗಿನ ಜಾಯಿಂಟಿನ ದೊಡ್ಡ ಬಾಯಿ ದುಂಡಗಿಲ್ಲ, ಕ್ಲಾಂಪ್ ಹೇಗೆ ಕೂರುತ್ತದೆ?

ಮೂರು ರೋಲರ್ ಇರುವ ಕೆಲವು ಜಾಯಿಂಟುಗಳ ಹೊರಮೈ ಮೂರು ಎಸಳಿನಂತಿರುತ್ತದೆ. ಬೂಟಿನ ಒಳಗೆ, ಅಥವಾ ಬೇರೆಯಾಗಿ ಬರುವ ಬಳೆಯಲ್ಲಿ, ಆ ತಗ್ಗುಗಳಿಗೆ ಹೊಂದುವ ಮೂರು ದಪ್ಪ ಉಬ್ಬುಗಳಿರುತ್ತವೆ. ಉಬ್ಬು ತಗ್ಗಿನಲ್ಲಿ ಕೂತ ಮೇಲಷ್ಟೇ ಹೊರಮೈ ದುಂಡಗಾಗುತ್ತದೆ. ಹೊಂದದ ಬೂಟನ್ನು ಕ್ಲಾಂಪಿನ ಬಲದಿಂದ ಕೂರಿಸಲು ಆಗುವುದಿಲ್ಲ.

ಹಳೆಯ ಕ್ಲಾಂಪನ್ನೇ ಮತ್ತೆ ಬಳಸಬಹುದೇ?

ಇಲ್ಲ. ಒಮ್ಮೆ ಬಾಗಿದ ಕಿವಿಯನ್ನು ಬಿಡಿಸಿ ಮತ್ತೆ ಒತ್ತಿದರೆ ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ.

ಅಂಗಡಿಯಲ್ಲಿ ಏನೆಂದು ಕೇಳಬೇಕು?

"ಆಲ್ಟೊಗೆ ಕ್ಲಾಂಪ್ ಕೊಡಿ" ಎಂದರೆ ಸಾಲದು. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ ನಿಮ್ಮ ಊರಿನ ಅಂಗಡಿಯಾಗಲಿ, ಇಷ್ಟು ಹೇಳಿ: ಗಾಡಿಯ ಮಾದರಿ ಮತ್ತು ವರ್ಷ, ಹೊರಗಿನ ಜಾಯಿಂಟೋ ಒಳಗಿನದೋ, ದೊಡ್ಡ ಬಾಯಿಯೋ ಚಿಕ್ಕದೋ, ಬೂಟ್ ರಬ್ಬರೋ ಟಿಪಿಇಯೋ, ಕೂರಿಸಿದ ಮೇಲಿನ ಅಳತೆ, ಪಟ್ಟಿಯ ಅಗಲ, ಉಂಗುರ ಬೇಕೋ ತೆರೆದ ಪಟ್ಟಿಯೋ. ಒಂದು ಹೆಚ್ಚಿಗೆ ತನ್ನಿ, ಒತ್ತುವಾಗ ಒಂದು ಹಾಳಾಗುವುದು ಸಾಮಾನ್ಯ.

ಹಾಕಿದ ಮೇಲೆ ಏನೇನು ನೋಡಬೇಕು?

ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಇಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸ್ಟೀರಿಂಗ್ ನೇರ ಇದ್ದಾಗ ಒಮ್ಮೆ, ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ. ಕಿವಿ ಎಲ್ಲಿಯೂ ನಕಲ್ಲು, ಕೆಳಗಿನ ಆರ್ಮ್, ಸೆನ್ಸರ್ ತಂತಿಗೆ ತಾಗಬಾರದು. ಗ್ರೀಸ್ ಬಿದ್ದ ಜಾಗವನ್ನೆಲ್ಲ ಒರೆಸಿ ಸ್ವಚ್ಛ ಮಾಡಿ, ಬ್ರೇಕ್ ಡಿಸ್ಕ್ ಮೇಲೆ ಬಿದ್ದಿದ್ದರೆ ಬ್ರೇಕ್ ಕ್ಲೀನರಿನಲ್ಲಿ ತೊಳೆಯದೆ ಗಾಡಿ ಹೊರಗೆ ತೆಗೆಯಬೇಡಿ. ನೂರಿನ್ನೂರು ಕಿ.ಮೀ. ಓಡಿದ ಮೇಲೆ ಬಿಳಿ ಬಟ್ಟೆಯಿಂದ ಆ ಶಾಫ್ಟಿನ ನಾಲ್ಕೂ ಬಾಯಿಗಳ ಅಂಚನ್ನು ಒರೆಸಿ ನೋಡಿ. ಬಟ್ಟೆಗೆ ಕಪ್ಪು ಹತ್ತಿದ ಬಾಯಿಯ ಕ್ಲಾಂಪನ್ನು ಅಂದೇ ಬದಲಿಸಿ, ಗ್ರೀಸ್ ಇನ್ನೂ ಶುದ್ಧವಾಗಿರುವಾಗಲೇ.